ಇಂಗ್ಲಿಷಿನ ದಿನಬಳಕೆಯ ವಾಕ್ಯಗಳಲ್ಲಿ ನಿಪಾತ–ಪೂರ್ವಸರ್ಗಗಳ ಜೋಡಣೆ: ಕನ್ನಡದ ನೆಲೆಯಿಂದ ಒಂದು ವಿವೇಚನೆ

1. ಪೀಠಿಕೆ

ಅನುವಾದದ ತರಗತಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸಬಹುದು. ‘ದಿ ಓಲ್ಡ್ ಮ್ಯಾನ್ ಕೇಮ್ ಬ್ಯಾಕ್ ಡೌನ್ ಫ್ರಮ್ ದ ಹಿಲ್’ ಎಂಬ ಸರಳ ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತರಲು ಹೇಳಿದರೆ ಅನೇಕ ವಿದ್ಯಾರ್ಥಿಗಳು ‘ಮುದುಕನು ಬೆಟ್ಟದಿಂದ ಬಂದನು’ ಎಂದು ಬರೆದು ಮುಗಿಸುತ್ತಾರೆ. ‘ಬ್ಯಾಕ್’, ‘ಡೌನ್’ ಎರಡೂ ಎಲ್ಲಿ ಹೋದವು ಎಂದು ಕೇಳಿದರೆ, ಮೂರೂ ಪ್ರಿಪೊಸಿಷನ್‌ಗಳೇ ಆದ್ದರಿಂದ ಮೂರಕ್ಕೂ ಸೇರಿ ‘ಇಂದ’ ಪ್ರತ್ಯಯ ಹಚ್ಚಿರುವುದಾಗಿ ಉತ್ತರ ಬರುತ್ತದೆ. ಇದೇ ವಿದ್ಯಾರ್ಥಿಗಳು ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇದರ ವಿರುದ್ಧ ದಿಕ್ಕಿನ ತೊಡಕಿಗೆ ಸಿಲುಕುತ್ತಾರೆ. ‘ಅವನು ಮನೆಯಿಂದ ಹೊರಗೆ ಬಂದ’ ಎಂಬಲ್ಲಿ ‘ಹಿ ಕೇಮ್ ಔಟ್ ಅವ್ ದ ಹೌಸ್’ ಎಂದರೆ ಸಾಕು. ಆದರೆ ಅವರು ‘ಹಿ ಕೇಮ್ ಫ್ರಮ್ ದ ಹೌಸ್ ಟು ಔಟ್‌ಸೈಡ್’ ಎಂದು ಬರೆಯುತ್ತಾರೆ.

ಈ ಎರಡು ತೊಡಕುಗಳ ಬೇರು ಒಂದೇ. ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದದ ಹಿಂದೆಯೇ ಸಾಲಾಗಿ ಬರುವ ಸಣ್ಣ ಸಣ್ಣ ಪದಗಳೆಲ್ಲ ಒಂದೇ ಜಾತಿಯವು ಎಂಬ ತಿಳಿವಳಿಕೆಯೇ ಆ ಬೇರು. ನಮ್ಮ ಶಾಲಾ ವ್ಯಾಕರಣಗಳು ‘ಇಂಗ್ಲಿಷಿನ ಪ್ರಿಪೊಸಿಷನ್ ಎಂದರೆ ಕನ್ನಡದ ವಿಭಕ್ತಿ ಪ್ರತ್ಯಯ’ ಎಂಬ ಒಂದು ಸಮೀಕರಣವನ್ನು ಕೊಟ್ಟು ಕೈತೊಳೆದುಕೊಳ್ಳುತ್ತವೆ. ಉಳಿದದ್ದನ್ನು ‘ಫ್ರೇಸಲ್ ವರ್ಬ್’ ಎಂಬ ಉದ್ದನೆಯ ಪಟ್ಟಿಯಾಗಿ ಬಾಯಿಪಾಠ ಮಾಡಿಸಲಾಗುತ್ತದೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಆ ಪಟ್ಟಿ ದಾಟಲಾಗದ ಗೋಡೆಯಂತೆ ಕಾಣುತ್ತದೆ. ಆದರೆ ಅವನು ದಿನವೂ ಆಡುವ ಕನ್ನಡದಲ್ಲಿಯೇ ಈ ವ್ಯವಸ್ಥೆಯ ಬಹುಪಾಲು ಇದೆ ಎಂಬುದನ್ನು ಅವನಿಗೆ ತೋರಿಸಿಕೊಡುವವರು ಕಡಿಮೆ. ಅದನ್ನು ತೋರಿಸಿಕೊಡುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಭಾಷೆಯ ಬಗ್ಗೆ ಒಂದು ಮಾತು. ನಾಮಪದವೊಂದನ್ನು ತನ್ನ ಮುಂದೆ ಇಟ್ಟುಕೊಂಡೇ ನಿಲ್ಲಬಲ್ಲ ‘ಟು’, ‘ಫ್ರಮ್’, ‘ಅಟ್’, ‘ವಿತ್’ ಮೊದಲಾದ ಪದಗಳನ್ನು ಇಲ್ಲಿ ‘ಪೂರ್ವಸರ್ಗ’ವೆಂದು ಕರೆಯಲಾಗಿದೆ. ನಾಮಪದದ ಹಂಗಿಲ್ಲದೆ ಕ್ರಿಯೆಗೆ ದಿಕ್ಕು, ನೆಲೆ ಅಥವಾ ಪೂರ್ಣತೆಯನ್ನು ಕೊಡುವ ‘ಬ್ಯಾಕ್’, ‘ಅವೇ’, ‘ಔಟ್’ ಮೊದಲಾದವನ್ನು ‘ನಿಪಾತ’ವೆಂದು ಕರೆಯಲಾಗಿದೆ. ಸಂಸ್ಕೃತ ವ್ಯಾಕರಣದಲ್ಲಿ ನಿಪಾತ ಶಬ್ದಕ್ಕೆ ಇದಕ್ಕಿಂತ ವಿಶಾಲವಾದ ಅರ್ಥವಿದೆ. ಇಲ್ಲಿ ಅದನ್ನು ಸೀಮಿತ ಅರ್ಥದಲ್ಲಿ ಬಳಸಿದೆ. ಷಷ್ಠಿಯ ಅರ್ಥ ಕೊಡುವ ಪೂರ್ವಸರ್ಗವನ್ನು ‘ಅವ್’ ಎಂದೂ ಬೇರ್ಪಡುವಿಕೆಯನ್ನು ಸೂಚಿಸುವ ಪದವನ್ನು ‘ಆಫ್’ ಎಂದೂ ಬರೆಯಲಾಗಿದೆ. ರೂಢಿಯ ಕನ್ನಡ ಬರವಣಿಗೆಯಲ್ಲಿ ಎರಡೂ ‘ಆಫ್’ ಆಗಿಬಿಡುವುದರಿಂದ ಇವುಗಳ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

2. ಒಂದೇ ರೂಪ, ಎರಡು ಕೆಲಸ

ಇಂಗ್ಲಿಷಿನ ಈ ಸಣ್ಣ ಪದಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು. ‘ಅಟ್’, ‘ಫ್ರಮ್’, ‘ಅವ್’, ‘ಫಾರ್’, ‘ಇಂಟು’ ಇವು ಸಾಮಾನ್ಯವಾಗಿ ಪೂರ್ವಸರ್ಗಗಳು ಮಾತ್ರ. ‘ಬ್ಯಾಕ್’, ‘ಅವೇ’, ‘ಫಾರ್ವರ್ಡ್’, ‘ಟುಗೆದರ್’ ಇವು ನಿಪಾತಗಳು ಮಾತ್ರ. ‘ಅಪ್’, ‘ಡೌನ್’, ‘ಇನ್’, ‘ಆನ್’, ‘ಆಫ್’, ‘ಓವರ್’, ‘ಥ್ರೂ’, ‘ಅಕ್ರಾಸ್’, ‘ಅಲಾಂಗ್’ ಇವು ಎರಡೂ ಆಗಬಲ್ಲವು. ‘ಶಿ ವೆಂಟ್ ಡೌನ್’ ಎಂಬಲ್ಲಿ ‘ಡೌನ್’ ನಿಪಾತ. ‘ಶಿ ವೆಂಟ್ ಡೌನ್ ದ ಸ್ಟೆಪ್ಸ್’ ಎಂಬಲ್ಲಿ ಅದೇ ಪದ ಪೂರ್ವಸರ್ಗ. ಕಲಿಯುವವರಿಗೆ ಕಷ್ಟ ಕೊಡುವುದು ಈ ಮೂರನೆಯ ಗುಂಪು.

ಒಂದೇ ಪದಕ್ಕೆ ಎರಡು ಹೆಸರು ಕೊಡುವುದರ ಔಚಿತ್ಯವನ್ನು ಇಂಗ್ಲಿಷ್ ವ್ಯಾಕರಣಕಾರರೇ ಪ್ರಶ್ನಿಸಿದ್ದಾರೆ. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ 1924ರಲ್ಲಿ ಪ್ರಕಟಿಸಿದ ‘ದ ಫಿಲಾಸಫಿ ಆಫ್ ಗ್ರಾಮರ್’ ಕೃತಿಯಲ್ಲಿ, ಕರ್ಮವಿದ್ದರೂ ಇಲ್ಲದಿದ್ದರೂ ಕ್ರಿಯಾಪದವು ಕ್ರಿಯಾಪದವೇ ಆಗಿರುವಂತೆ ಈ ಪದಗಳನ್ನೂ ಒಂದೇ ವರ್ಗವಾಗಿ ಕಾಣಬೇಕೆಂದು ವಾದಿಸಿದನು. 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲ್ಲಮ್ ಸಂಪಾದಿಸಿದ ಕೇಂಬ್ರಿಜ್ ವ್ಯಾಕರಣವು ಇದೇ ದಾರಿಯಲ್ಲಿ ಸಾಗಿ, ನಾಮಪದವಿಲ್ಲದೆ ನಿಂತ ‘ಡೌನ್’ ಅನ್ನು ಅಕರ್ಮಕ ಪೂರ್ವಸರ್ಗವೆಂದು ಪರಿಗಣಿಸಿದೆ.

ಭಾರತೀಯ ವ್ಯಾಕರಣ ಪರಂಪರೆಗೆ ಈ ಚಿಂತನೆ ಹೊಸದಲ್ಲ. ಪ್ರಾದಿಗಳೆಂಬ ಒಂದೇ ಪದಸಮೂಹವನ್ನು ಪಾಣಿನಿಯು ಅವು ಕ್ರಿಯೆಯೊಡನೆ ಕೂಡಿದಾಗ ಉಪಸರ್ಗಗಳೆಂದೂ, ಅವುಗಳಲ್ಲಿ ಕೆಲವು ಕ್ರಿಯೆಯ ಸಂಬಂಧವಿಲ್ಲದೆ ನಾಮಪದದ ವಿಭಕ್ತಿಯನ್ನು ನಿಯಂತ್ರಿಸಿದಾಗ ಕರ್ಮಪ್ರವಚನೀಯಗಳೆಂದೂ ಕರೆದನು. ಅಂದರೆ ಹೆಸರು ಸಿಕ್ಕುವುದು ರೂಪಕ್ಕಲ್ಲ, ಕೆಲಸಕ್ಕೆ. ವೈದಿಕ ಭಾಷೆಯಲ್ಲಿ ಉಪಸರ್ಗವು ಕ್ರಿಯಾಪದದಿಂದ ದೂರ ಸರಿದು ಸ್ವತಂತ್ರವಾಗಿ ನಿಲ್ಲಬಹುದಾಗಿತ್ತು. ಲೌಕಿಕ ಸಂಸ್ಕೃತದಲ್ಲಿ ಅದು ಕ್ರಿಯಾಪದದ ಮುಂದೆ ಅಂಟಿಕೊಂಡಿತು. ಇಂಗ್ಲಿಷಿನ ಚರಿತ್ರೆ ಬಹುಮಟ್ಟಿಗೆ ಇದಕ್ಕೆ ವಿರುದ್ಧ ದಿಕ್ಕಿನದು. ಪ್ರಾಚೀನ ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದೆ ಅಂಟಿಕೊಳ್ಳುತ್ತಿದ್ದ ಪದಗಳು ಕಾಲಕ್ರಮದಲ್ಲಿ ಬಿಡಿಬಿಡಿಯಾಗಿ ಹಿಂದಕ್ಕೆ ಸರಿದವು. ‘ವಿತ್‌ಸ್ಟ್ಯಾಂಡ್’, ‘ಅಪ್‌ಹೋಲ್ಡ್’ ಮೊದಲಾದವು ಹಳೆಯ ಕ್ರಮದ ಉಳಿಕೆಗಳು. ‘ವಿತ್‌ಸ್ಟ್ಯಾಂಡ್’ ಪದದ ‘ವಿತ್’ಗೆ ‘ಎದುರಾಗಿ’ ಎಂಬ ಪ್ರಾಚೀನ ಅರ್ಥವೇ ಇಂದಿಗೂ ಉಳಿದಿದೆ. 1755ರಲ್ಲಿ ತನ್ನ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದದ ಹಿಂದೆ ನಿಪಾತ ಸೇರಿ ಅರ್ಥ ಬದಲಾಗುವ ಈ ಪದ್ಧತಿ ಪರದೇಶೀಯರಿಗೆ ಅತ್ಯಂತ ಕಠಿಣವಾದುದೆಂದು ಮುನ್ನುಡಿಯಲ್ಲಿಯೇ ಗುರುತಿಸಿದ್ದನು.

3. ಇಂಗ್ಲಿಷಿನಲ್ಲಿ ಜೋಡಣೆಯ ಕ್ರಮ

ನಿಪಾತವೂ ಪೂರ್ವಸರ್ಗವೂ ಒಂದೇ ವಾಕ್ಯದಲ್ಲಿ ಒಂದರ ಪಕ್ಕದಲ್ಲೊಂದು ಬಂದಾಗ ಅವುಗಳ ಕ್ರಮ ನಿಯತವಾದುದು. ಮೊದಲು ಕ್ರಿಯಾಪದ, ಅದಕ್ಕೆ ಅಂಟಿ ನಿಪಾತ, ಅನಂತರ ಪೂರ್ವಸರ್ಗ, ಕೊನೆಗೆ ಅದರ ನಾಮಪದ. ಉದಾ: ‘ಕಮ್ | ಔಟ್ | ಅವ್ | ದ ರೂಮ್’, ‘ಗೋ | ಅಪ್ | ಟು | ದ ಟೆಂಪಲ್’, ‘ರನ್ | ಅವೇ | ಫ್ರಮ್ | ದ ಡಾಗ್’. ನಿಪಾತಗಳು ಒಂದಕ್ಕಿಂತ ಹೆಚ್ಚಾದರೆ ಅವುಗಳಲ್ಲಿಯೂ ಒಂದು ಸರತಿ ಇದೆ. ಮರಳುವಿಕೆಯನ್ನು ಹೇಳುವ ‘ಬ್ಯಾಕ್’ ಮೊದಲು, ದಿಕ್ಕನ್ನು ಹೇಳುವ ‘ಅಪ್’, ‘ಡೌನ್’, ‘ಓವರ್’ ಅನಂತರ. ‘ಕಮ್ ಬ್ಯಾಕ್ ಡೌನ್ ಫ್ರಮ್ ದ ಹಿಲ್’ ಎಂಬುದು ಸಹಜ. ‘ಕಮ್ ಡೌನ್ ಬ್ಯಾಕ್ ಫ್ರಮ್ ದ ಹಿಲ್’ ಎಂಬುದು ಇಂಗ್ಲಿಷ್ ಕಿವಿಗೆ ಒಗ್ಗುವುದಿಲ್ಲ.

ಇವುಗಳಲ್ಲಿ ಯಾವುದು ನಿಪಾತ, ಯಾವುದು ಪೂರ್ವಸರ್ಗ ಎಂಬುದನ್ನು ತಿಳಿಯಲು ಮೂರು ಪರೀಕ್ಷೆಗಳು ಸಾಕು.

ಮೊದಲನೆಯದು ಲೋಪದ ಪರೀಕ್ಷೆ. ‘ಹಿ ವೆಂಟ್ ಡೌನ್ ಟು ದ ರಿವರ್’ ಎಂಬಲ್ಲಿ ನಾಮಪದವನ್ನೂ ‘ಟು’ವನ್ನೂ ತೆಗೆದರೆ ‘ಹಿ ವೆಂಟ್ ಡೌನ್’ ಎಂಬ ಪೂರ್ಣ ವಾಕ್ಯ ಉಳಿಯುತ್ತದೆ. ‘ಹಿ ವೆಂಟ್ ಟು’ ಎಂದು ನಿಲ್ಲಿಸಲು ಬಾರದು. ತಾನೇ ನಿಲ್ಲಬಲ್ಲದ್ದು ನಿಪಾತ, ನಾಮಪದವನ್ನು ಬೇಡುವುದು ಪೂರ್ವಸರ್ಗ.

ಎರಡನೆಯದು ಸರ್ವನಾಮದ ಪರೀಕ್ಷೆ. ಕ್ರಿಯೆಗೆ ನೇರ ಕರ್ಮವಿದ್ದು ಅದು ಸರ್ವನಾಮವಾಗಿದ್ದರೆ ನಿಪಾತವು ಅದರ ಹಿಂದೆ ಹೋಗುತ್ತದೆ: ‘ಲುಕ್ ಇಟ್ ಅಪ್’. ಪೂರ್ವಸರ್ಗವಾದರೋ ಸರ್ವನಾಮದ ಮುಂದೆಯೇ ನಿಲ್ಲುತ್ತದೆ: ‘ಲುಕ್ ಅಟ್ ಇಟ್’. ಎರಡೂ ಕೂಡಿದ ವಾಕ್ಯದಲ್ಲಿ ಕರ್ಮವು ನಿಪಾತದ ಮುಂದೆಯೂ ಪೂರ್ವಸರ್ಗದ ನಾಮಪದವು ಅದರ ಹಿಂದೆಯೂ ಬಂದು ಎರಡೂ ಸ್ಥಾನಗಳು ಸ್ಪಷ್ಟವಾಗುತ್ತವೆ: ‘ಟೇಕ್ ಇಟ್ ಅಪ್ ವಿತ್ ಹಿಮ್’.

ಮೂರನೆಯದು ಒತ್ತಿನ ಪರೀಕ್ಷೆ. ಮಾತಿನಲ್ಲಿ ನಿಪಾತಕ್ಕೆ ಸಾಮಾನ್ಯವಾಗಿ ಒತ್ತು ಬೀಳುತ್ತದೆ, ಪೂರ್ವಸರ್ಗ ಬಹುಮಟ್ಟಿಗೆ ಮೆಲುದನಿಯಲ್ಲಿ ಸರಿದುಹೋಗುತ್ತದೆ. ‘ವಿ ರ್‍ಯಾನ್ ಔಟ್ ಅವ್ ಮಿಲ್ಕ್’ ಎನ್ನುವಾಗ ‘ಔಟ್’ ಗಟ್ಟಿಯಾಗಿ ಕೇಳುತ್ತದೆ. ‘ಅವ್’ ಒಂದು ಉಸಿರಿನಷ್ಟೇ. ಕನ್ನಡ ಲಿಪಿಯಲ್ಲಿ ಬರೆದು ಓದುವಾಗ ನಾವು ಎರಡಕ್ಕೂ ಸಮಾನ ತೂಕ ಕೊಡುತ್ತೇವೆ. ಇಂಗ್ಲಿಷನ್ನು ಕಣ್ಣಿನಿಂದ ಕಲಿತವರಿಗೆ ಈ ಭೇದ ಹೊಳೆಯದಿರಲು ಇದೂ ಒಂದು ಕಾರಣ.

ಬರವಣಿಗೆಯಲ್ಲಿ ಕೆಲವು ಜೋಡಣೆಗಳು ಬೆಸೆದುಕೊಂಡು ಒಂದೇ ಪದವಾಗಿವೆ. ‘ಇನ್’ ಮತ್ತು ‘ಟು’ ಕೂಡಿ ‘ಇಂಟು’, ‘ಆನ್’ ಮತ್ತು ‘ಟು’ ಕೂಡಿ ‘ಆಂಟು’ ಆದವು. ‘ಔಟ್ ಅವ್’ ಮಾತ್ರ ಅರ್ಥದಲ್ಲಿ ‘ಇಂಟು’ವಿನ ನೇರ ವಿರುದ್ಧವಾಗಿದ್ದರೂ ಇನ್ನೂ ಎರಡು ಪದವಾಗಿಯೇ ಉಳಿದಿದೆ. ಬೆಸುಗೆಯಾಗದ ಸಂದರ್ಭಗಳೂ ಇವೆ. ‘ಶಿ ಕೇಮ್ ಇಂಟು ದ ಹಾಲ್’ ಎಂದರೆ ಸಭಾಂಗಣದೊಳಕ್ಕೆ ಬಂದಳು. ‘ಶಿ ಕೇಮ್ ಇನ್ ಟು ಡಿನ್ನರ್’ ಎಂದರೆ ಊಟಕ್ಕೆಂದು ಒಳಗೆ ಬಂದಳು. ಎರಡನೆಯದರಲ್ಲಿ ‘ಇನ್’ ನಿಪಾತ, ‘ಟು’ ಪೂರ್ವಸರ್ಗ. ಕನ್ನಡವು ‘ಒಳಕ್ಕೆ’ ಮತ್ತು ‘ಊಟಕ್ಕೆ ಒಳಗೆ’ ಎಂದು ಈ ವ್ಯತ್ಯಾಸವನ್ನು ತಪ್ಪದೆ ಕಾಪಾಡುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

4. ಕನ್ನಡದಲ್ಲಿ ಇದೇ ವ್ಯವಸ್ಥೆ

ಕನ್ನಡದ ‘ಒಳಗೆ’, ‘ಹೊರಗೆ’, ‘ಮೇಲೆ’, ‘ಕೆಳಗೆ’, ‘ಹಿಂದೆ’, ‘ಮುಂದೆ’ ಎಂಬ ಪದಗಳು ಇಂಗ್ಲಿಷಿನ ಮೂರನೆಯ ಗುಂಪಿನ ಪದಗಳಂತೆಯೇ ಎರಡು ಕೆಲಸ ಮಾಡುತ್ತವೆ. ‘ಕೆಳಗೆ ಬಾ’ ಎಂಬಲ್ಲಿ ‘ಕೆಳಗೆ’ ಸ್ವತಂತ್ರ. ‘ಮರದ ಕೆಳಗೆ ಬಾ’ ಎಂಬಲ್ಲಿ ಅದು ಮರಕ್ಕೆ ಅಧೀನ. ಇಷ್ಟು ಎಲ್ಲರಿಗೂ ತಿಳಿದದ್ದು. ಆದರೆ ಮೂರನೆಯ ಒಂದು ರಚನೆಯಿದೆ: ‘ಮರದಿಂದ ಕೆಳಗೆ ಬಾ’. ಇದನ್ನೂ ಹಿಂದಿನ ವಾಕ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ರಸ್ತುತ ವಿಷಯದ ಕೀಲಿಕೈ ದೊರೆಯುತ್ತದೆ.

‘ಮರದ ಕೆಳಗೆ’ ಎಂದಾಗ ನಾಮಪದ ಷಷ್ಠಿಯಲ್ಲಿದೆ. ಆಗ ‘ಕೆಳಗೆ’ ಆ ನಾಮಪದವನ್ನು ಆಳುತ್ತದೆ. ಇಂಗ್ಲಿಷಿನಲ್ಲಿ ಅದು ‘ಅಂಡರ್ ದ ಟ್ರೀ’ ಎಂಬ ಪೂರ್ವಸರ್ಗ. ‘ಮರದಿಂದ ಕೆಳಗೆ’ ಎಂದಾಗ ನಾಮಪದವು ‘ಇಂದ’ ಪ್ರತ್ಯಯದ ವಶದಲ್ಲಿದೆ. ‘ಕೆಳಗೆ’ ಬಿಡುಗಡೆ ಹೊಂದಿ ಕ್ರಿಯೆಯ ಕಡೆಗೆ ವಾಲುತ್ತದೆ. ಇಂಗ್ಲಿಷಿನಲ್ಲಿ ಅದು ‘ಡೌನ್ ಫ್ರಮ್ ದ ಟ್ರೀ’, ಅಂದರೆ ನಿಪಾತ ಮತ್ತು ಪೂರ್ವಸರ್ಗದ ಜೋಡಣೆ. ಇದೇ ಭೇದ ಉಳಿದ ಪದಗಳಲ್ಲಿಯೂ ಕಾಣುತ್ತದೆ. ‘ಮನೆಯ ಹೊರಗೆ ನಿಂತ’ ಎಂಬುದು ‘ಔಟ್‌ಸೈಡ್ ದ ಹೌಸ್’. ‘ಮನೆಯಿಂದ ಹೊರಗೆ ಬಂದ’ ಎಂಬುದು ‘ಔಟ್ ಅವ್ ದ ಹೌಸ್’. ‘ಶಾಲೆಯ ಮುಂದೆ’ ಎಂಬುದು ‘ಇನ್ ಫ್ರಂಟ್ ಅವ್ ದ ಸ್ಕೂಲ್’. ‘ಶಾಲೆಯಿಂದ ಮುಂದೆ’ ಎಂಬುದು ‘ಆನ್ ಫ್ರಮ್ ದ ಸ್ಕೂಲ್’. ಹೀಗೆ, ನಾಮಪದದ ಮೇಲಿನ ವಿಭಕ್ತಿಯೇ ಪಕ್ಕದ ದಿಗ್ವಾಚಕದ ಪಾತ್ರವನ್ನು ನಿರ್ಧರಿಸುತ್ತದೆ. ಷಷ್ಠಿಯಿದ್ದರೆ ಅದು ಪೂರ್ವಸರ್ಗದ ಸ್ಥಾನದಲ್ಲಿದೆ. ‘ಇಂದ’ ಇದ್ದರೆ ನಿಪಾತದ ಸ್ಥಾನದಲ್ಲಿದೆ. ಇದನ್ನು ಕನ್ನಡದ ವಿದ್ಯಾರ್ಥಿ ಎಂದೂ ತಪ್ಪುವುದಿಲ್ಲ. ‘ಮರದ ಕೆಳಗೆ ಬಿದ್ದ’ ಮತ್ತು ‘ಮರದಿಂದ ಕೆಳಗೆ ಬಿದ್ದ’ ಎಂಬ ಎರಡು ಮಾತುಗಳನ್ನು ಅವನು ಬೆರೆಸಿ ಆಡಿದ ನಿದರ್ಶನ ಸಿಗಲಾರದು.

ಈಗ ಕ್ರಮದ ವಿಚಾರ. ಆರಂಭದಲ್ಲಿ ಕೊಟ್ಟ ವಾಕ್ಯವನ್ನೇ ಬಿಡಿಸೋಣ. ‘ಕೇಮ್ | ಬ್ಯಾಕ್ | ಡೌನ್ | ಫ್ರಮ್ | ದ ಹಿಲ್’. ಕನ್ನಡದಲ್ಲಿ: ‘ಬೆಟ್ಟ | ದಿಂದ | ಕೆಳಗೆ | ಮರಳಿ | ಬಂದನು’. ಒಂದನ್ನು ಕೊನೆಯಿಂದ ಮೊದಲಿಗೆ ಓದಿದರೆ ಇನ್ನೊಂದು ಸಿಗುತ್ತದೆ. ಇದು ಆಕಸ್ಮಿಕವಲ್ಲ. ಇಂಗ್ಲಿಷಿನಲ್ಲಿ ಕ್ರಿಯಾಪದವು ತನ್ನ ಪೂರಕಗಳ ಮುಂದೆಯೂ ಕನ್ನಡದಲ್ಲಿ ಅವುಗಳ ಹಿಂದೆಯೂ ನಿಲ್ಲುತ್ತದೆ. ಸಂಬಂಧಸೂಚಕವು ಇಂಗ್ಲಿಷಿನಲ್ಲಿ ನಾಮಪದದ ಮುಂದೆ, ಕನ್ನಡದಲ್ಲಿ ಹಿಂದೆ. ಆದ್ದರಿಂದ ಸರಪಳಿಯ ಕೊಂಡಿಗಳು ಅವೇ, ಎಣಿಸುವ ಕಡೆ ಮಾತ್ರ ಬೇರೆ. ‘ದ ಚೈಲ್ಡ್ ಕ್ರಾಲ್ಡ್ ಔಟ್ ಫ್ರಮ್ ಅಂಡರ್ ದ ಟೇಬಲ್’ ಎಂಬ ಇನ್ನಷ್ಟು ಜಟಿಲವಾದ ವಾಕ್ಯವೂ ‘ಮೇಜಿನ ಕೆಳಗಿನಿಂದ ಹೊರಕ್ಕೆ ಅಂಬೆಗಾಲಿಟ್ಟಿತು’ ಎಂದು ತಿರುಗುತ್ತದೆ. ‘ಅಂಡರ್’ ಎಂಬುದಕ್ಕೆ ‘ಕೆಳಗಿನ’, ‘ಫ್ರಮ್’ ಎಂಬುದಕ್ಕೆ ‘ಇಂದ’, ‘ಔಟ್’ ಎಂಬುದಕ್ಕೆ ‘ಹೊರಕ್ಕೆ’. ಕನ್ನಡದ ಪದಕ್ರಮ ಇಂಗ್ಲಿಷಿನದಕ್ಕಿಂತ ಸಡಿಲವಾದುದರಿಂದ ‘ಮರಳಿ ಕೆಳಗೆ’ ಎಂದೂ ಹೇಳಬಹುದು. ಆದರೆ ‘ಇಂದ’ ನಾಮಪದವನ್ನು ಬಿಟ್ಟು ಕದಲದು.

ಕನ್ನಡದ ವಿಭಕ್ತಿ ಪ್ರತ್ಯಯಗಳ ಒಳಗೇ ಈ ಜೋಡಣೆ ಅಡಗಿರುವುದು ಇನ್ನೂ ಸ್ವಾರಸ್ಯಕರ. ಕೇಶಿರಾಜನು ಪಂಚಮಿಗೆ ಹೇಳುವ ‘ಅತ್ತಣಿಂ’ ಪ್ರತ್ಯಯದಲ್ಲಿ ‘ಅತ್ತ’ ಎಂಬ ದಿಗ್ವಾಚಕವೂ ‘ಇಂ’ ಪ್ರತ್ಯಯವೂ ಇವೆ. ಹೊಸಗನ್ನಡ ಶಾಲಾ ವ್ಯಾಕರಣಗಳ ‘ದೆಸೆಯಿಂದ’ ಎಂಬುದರಲ್ಲಿಯೂ ‘ದೆಸೆ’ ಎಂದರೆ ದಿಕ್ಕು. ಹಳಗನ್ನಡದ ಸಪ್ತಮಿ ‘ಒಳ್’ ಮತ್ತು ಇಂದಿನ ‘ಒಳಗೆ’ ಒಂದೇ ಬೇರಿನವು. ದಿಕ್ಕಿನ ಪದವೂ ಸಂಬಂಧದ ಪ್ರತ್ಯಯವೂ ಕೂಡಿ ಒಂದು ಘಟಕವಾಗುವ ಕ್ರಿಯೆ ‘ಔಟ್ ಅವ್’, ‘ಇಂಟು’ಗಳಲ್ಲಿ ಮಾತ್ರವಲ್ಲ, ನಮ್ಮ ವಿಭಕ್ತಿಗಳ ಚರಿತ್ರೆಯಲ್ಲಿಯೂ ನಡೆದಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

5. ಪ್ರತಿಬಿಂಬ ಒಡೆಯುವ ಕಡೆಗಳು

ಮೇಲಿನ ಸಾದೃಶ್ಯವನ್ನು ಎಲ್ಲ ಕಡೆಗೂ ಎಳೆಯಲಾಗದು. ಮೂರು ಸಂದರ್ಭಗಳಲ್ಲಿ ಅದು ಬೇರೆ ರೂಪ ತಾಳುತ್ತದೆ.

ಮೊದಲನೆಯದು ಚಲನೆಯಿಲ್ಲದ, ನೆಲೆಯನ್ನು ಮಾತ್ರ ಹೇಳುವ ವಾಕ್ಯ. ‘ದೆ ಆರ್ ಡೌನ್ ಬೈ ದ ರಿವರ್’, ‘ಇಟ್ಸ್ ಅಪ್ ಇನ್ ದ ಲಾಫ್ಟ್’, ‘ಹಿ ಈಸ್ ಔಟ್ ಆನ್ ದ ವೆರಾಂಡಾ’ ಎಂಬಲ್ಲಿ ನಿಪಾತವು ಮಾತನಾಡುವವನು ನಿಂತ ಜಾಗದಿಂದ ವಿಶಾಲವಾದ ದಿಕ್ಕನ್ನು ತೋರಿಸುತ್ತದೆ, ಪೂರ್ವಸರ್ಗವು ಖಚಿತವಾದ ಜಾಗವನ್ನು ಹೇಳುತ್ತದೆ. ಕನ್ನಡದ ಆಡುಮಾತು ಇಲ್ಲಿ ತಿರುಗುಮುರುಗಾಗದೆ ಇಂಗ್ಲಿಷಿನ ಕ್ರಮದಲ್ಲೇ ಸಾಗುತ್ತದೆ: ‘ಕೆಳಗೆ ಹೊಳೆಯ ಹತ್ತಿರ ಇದ್ದಾರೆ’, ‘ಮೇಲೆ ಅಟ್ಟದಲ್ಲಿದೆ’, ‘ಹೊರಗೆ ಜಗಲಿಯ ಮೇಲೆ ಕೂತಿದ್ದಾನೆ’. ದೊಡ್ಡದರಿಂದ ಚಿಕ್ಕದಕ್ಕೆ ಬರುವುದು ಎರಡೂ ಭಾಷೆಗಳ ಸ್ವಭಾವ. ಇಂಥ ನಿಪಾತವು ಮಾತನಾಡುವವನ ನೆಲೆಯನ್ನೂ ಅವನ ಸಮಾಜದ ಭೂಗೋಳವನ್ನೂ ಹೇಳುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವುದು ‘ಗೋ ಅಪ್ ಟು ಆಕ್ಸ್‌ಫರ್ಡ್’. ಅಲ್ಲಿಂದ ಹೊರದೂಡಲ್ಪಡುವುದು ‘ಬಿ ಸೆಂಟ್ ಡೌನ್ ಫ್ರಮ್ ಆಕ್ಸ್‌ಫರ್ಡ್’. ಇಲ್ಲಿ ಏರುತಗ್ಗು ನೆಲದ್ದಲ್ಲ, ಮರ್ಯಾದೆಯದು. ಕರಾವಳಿಯವರು ಘಟ್ಟದ ಮೇಲಿನ ಊರುಗಳಿಗೆ ‘ಮೇಲೆ’ ಹೋಗುವುದು ನಿಜವಾದ ಏರು. ಎರಡನ್ನೂ ‘ಮೇಲೆ’ ಎಂದೇ ಅನುವಾದಿಸಿದರೆ ಅರ್ಥ ಕೆಡುತ್ತದೆ. ಎರಡರಲ್ಲೂ ‘ಮೇಲೆ’ಯನ್ನು ಬಿಟ್ಟರೆ ಮಾತಿನ ನೆಲೆಯೇ ಕಾಣೆಯಾಗುತ್ತದೆ. ಅನುವಾದಕನು ಪ್ರತಿ ಸಲವೂ ವಿವೇಚಿಸಬೇಕಾದ ಸ್ಥಳವಿದು.

ಎರಡನೆಯದು, ದಾರಿಯನ್ನು ಕ್ರಿಯಾಪದವೇ ನುಂಗಿಕೊಳ್ಳುವ ಸಂದರ್ಭ. ‘ಬೆಟ್ಟದಿಂದ ಕೆಳಗೆ ಬಂದ’ ಎನ್ನುವುದಕ್ಕಿಂತ ‘ಬೆಟ್ಟ ಇಳಿದು ಬಂದ’ ಎನ್ನುವುದು ಕನ್ನಡಕ್ಕೆ ಹೆಚ್ಚು ಸಹಜ. ‘ಹತ್ತು’, ‘ಇಳಿ’, ‘ಹೊಗು’, ‘ದಾಟು’, ‘ಮರಳು’ ಎಂಬ ಧಾತುಗಳಲ್ಲಿ ದಿಕ್ಕು ಒಳಗೇ ಇದೆ. ಇಂಗ್ಲಿಷಿನ ದೇಸಿ ಕ್ರಿಯಾಪದಗಳು ಚಲನೆಯ ಬಗೆಯನ್ನು ಹೇಳಿ ದಾರಿಯನ್ನು ನಿಪಾತಕ್ಕೆ ಒಪ್ಪಿಸುತ್ತವೆ. ಲೆನರ್ಡ್ ಟಾಲ್ಮಿ 1985ರಿಂದ ಬೆಳೆಸಿದ ಭಾಷಾವರ್ಗೀಕರಣದ ಮುಖ್ಯ ಪ್ರಶ್ನೆಯೇ ದಾರಿಯನ್ನು ಭಾಷೆ ಎಲ್ಲಿ ಇಡುತ್ತದೆ ಎಂಬುದು. ಆದ್ದರಿಂದ ‘ಹಿ ರ್‍ಯಾನ್ ಔಟ್ ಅವ್ ದ ಹೌಸ್’ ಎಂಬುದನ್ನು ‘ಮನೆಯಿಂದ ಓಡಿ ಹೊರಬಂದ’ ಎಂದು ತರುವಾಗ ಓಟವು ನ್ಯೂನಕ್ರಿಯೆಗೆ ಇಳಿದು, ನಿಪಾತದ ಅರ್ಥವು ಪ್ರಧಾನ ಕ್ರಿಯೆಗೆ ಏರುತ್ತದೆ.

ಮೂರನೆಯದು ಪೂರ್ಣತೆಯನ್ನು ಸೂಚಿಸುವ ನಿಪಾತ. ‘ಈಟ್ ಅಪ್’, ‘ಡ್ರಿಂಕ್ ಅಪ್’ ಎಂಬಲ್ಲಿ ‘ಅಪ್’ಗೂ ಮೇಲ್ಭಾಗಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ಈ ಕೆಲಸವನ್ನು ‘ಬಿಡು’, ‘ಹಾಕು’ ಎಂಬ ಸಹಾಯಕ ಕ್ರಿಯಾಪದಗಳು ಮಾಡುತ್ತವೆ: ‘ತಿಂದುಬಿಡು’, ‘ಕುಡಿದುಹಾಕು’. ಇಂಥ ಕಡೆ ‘ಮೇಲೆ’ ಎಂಬ ಪದವನ್ನು ಹುಡುಕುತ್ತ ಕೂರುವುದು ವ್ಯರ್ಥ.

6. ರೂಢಿಗೊಂಡ ಜೋಡಣೆಗಳು

‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಲೋಗನ್ ಪಿಯರ್ಸಾಲ್ ಸ್ಮಿತ್ 1925ರಲ್ಲಿ ಪ್ರಚಾರಕ್ಕೆ ತಂದನು. ನಿಪಾತ ಮತ್ತು ಪೂರ್ವಸರ್ಗ ಎರಡನ್ನೂ ಸೇರಿಸಿಕೊಂಡ ‘ಪುಟ್ ಅಪ್ ವಿತ್’, ‘ಲುಕ್ ಫಾರ್ವರ್ಡ್ ಟು’, ‘ರನ್ ಔಟ್ ಅವ್’, ‘ಗೆಟ್ ಅವೇ ವಿತ್’ ಮೊದಲಾದವನ್ನು ಪಟ್ಟಿಯ ಅತಿ ಕಠಿಣ ಭಾಗವೆಂದು ಭಾವಿಸಲಾಗಿದೆ. ಇಲ್ಲಿಯೂ ಕೆಲಸದ ಹಂಚಿಕೆ ಪೂರ್ಣವಾಗಿ ಅಳಿಸಿಹೋಗಿಲ್ಲ ಎಂಬುದನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ‘ಕಮ್ ಡೌನ್’ ಎಂಬುದನ್ನು ಹಾಗೆಯೇ ಇಟ್ಟು ಪೂರ್ವಸರ್ಗವನ್ನು ಮಾತ್ರ ಬದಲಿಸೋಣ. ‘ಕಮ್ ಡೌನ್ ಫ್ರಮ್ ದ ಟ್ರೀ’ ಎಂದರೆ ಮರದಿಂದ ಇಳಿ. ‘ಕಮ್ ಡೌನ್ ವಿತ್ ಫೀವರ್’ ಎಂದರೆ ಜ್ವರ ಬಂದು ಮಲಗು. ‘ಕಮ್ ಡೌನ್ ಆನ್ ಸಮ್‌ಬಡಿ’ ಎಂದರೆ ಒಬ್ಬರ ಮೇಲೆ ಹರಿಹಾಯು. ‘ಇಟ್ ಕಮ್ಸ್ ಡೌನ್ ಟು ಮನಿ’ ಎಂದರೆ ಕೊನೆಗೆ ಬಂದು ನಿಲ್ಲುವುದು ಹಣದ ಪ್ರಶ್ನೆಗೆ. ನಾಲ್ಕರಲ್ಲಿಯೂ ‘ಡೌನ್’ ಕೊಡುವ ಇಳಿತದ ಚಿತ್ರ ಒಂದೇ. ಯಾವುದರಿಂದ, ಯಾವುದರ ಜೊತೆ, ಯಾರ ಮೇಲೆ, ಯಾವುದಕ್ಕೆ ಎಂಬ ಸಂಬಂಧವನ್ನು ಪೂರ್ವಸರ್ಗ ನಿರ್ಧರಿಸುತ್ತದೆ.

ಹೀಗೆ ನಿಪಾತದ ಚಿತ್ರವನ್ನು ಹಿಡಿದು ಜೋಡಣೆಗಳನ್ನು ಕುಟುಂಬಗಳಾಗಿ ಕಲಿಸ ಸಾಧ್ಯವಿದೆ. ‘ಕ್ಯಾಚ್ ಅಪ್ ವಿತ್’, ‘ಕೀಪ್ ಅಪ್ ವಿತ್’ ಇವುಗಳಲ್ಲಿ ‘ಅಪ್’ ಎಂದರೆ ಸಮಸಮಕ್ಕೆ ಬರುವುದು. ‘ಬ್ಯಾಕ್ ಔಟ್ ಅವ್’, ‘ಗ್ರೋ ಔಟ್ ಅವ್’ ಇವುಗಳಲ್ಲಿ ‘ಔಟ್ ಅವ್’ ಎಂದರೆ ಒಂದು ಆವರಣದಿಂದ ಹೊರಬೀಳುವುದು. ‘ಗೆಟ್ ಆನ್ ವಿತ್’, ‘ಕ್ಯಾರಿ ಆನ್ ವಿತ್’ ಇವುಗಳಲ್ಲಿ ‘ಆನ್’ ಎಂದರೆ ಮುಂದುವರಿಕೆ.

ಕನ್ನಡದಲ್ಲಿಯೂ ಇಂಥವೇ ರೂಢಿಯ ಜೋಡಣೆಗಳಿವೆ, ಅವುಗಳನ್ನು ನಾವು ಈ ಕಣ್ಣಿನಿಂದ ನೋಡಿಲ್ಲ ಅಷ್ಟೆ. ‘ಒಪ್ಪಂದದಿಂದ ಹಿಂದೆ ಸರಿ’ ಎಂಬುದು ‘ಬ್ಯಾಕ್ ಔಟ್ ಅವ್ ದಿ ಅಗ್ರಿಮೆಂಟ್’ ಎಂಬುದಕ್ಕೆ ಕೊಂಡಿಗೆ ಕೊಂಡಿ ಹೊಂದುತ್ತದೆ. ‘ನಿಯಮಕ್ಕೆ ಒಳಪಡು’, ‘ಸಂಕಟದಿಂದ ಹೊರಬಾ’, ‘ಅನ್ಯಾಯದ ವಿರುದ್ಧ ಮೇಲೇಳು’ ಇವುಗಳಲ್ಲಿ ದಿಗ್ವಾಚಕವು ಕ್ರಿಯಾಪದಕ್ಕೆ ಅಂಟಿದೆ. ಜೊತೆಗೆ ಅದು ನಾಮಪದದಿಂದ ನಿಯತವಾದ ಒಂದು ಸಂಬಂಧಸೂಚಕವನ್ನು ಬೇಡುತ್ತದೆ. ‘ನಿಯಮದಿಂದ ಒಳಪಡು’ ಎಂದು ಯಾವ ಕನ್ನಡಿಗನೂ ಹೇಳನು. ‘ಪುಟ್ ಅಪ್’ ಎಂಬುದು ‘ವಿತ್’ ಅನ್ನೇ ಏಕೆ ಬೇಡುತ್ತದೆ ಎಂದು ಕೇಳುವ ವಿದ್ಯಾರ್ಥಿಗೆ ‘ಒಳಪಡು’ ಎಂಬುದು ಚತುರ್ಥಿಯನ್ನೇ ಏಕೆ ಬೇಡುತ್ತದೆ ಎಂಬ ಮರುಪ್ರಶ್ನೆಯೇ ಅತ್ಯುತ್ತಮ ಉತ್ತರ. ಆದರೆ ಚಿತ್ರಗಳು ಯಾವಾಗಲೂ ಹೊಂದುವುದಿಲ್ಲ. ನಾವು ಸಭೆಯನ್ನು ‘ಮುಂದೂಡು’ತ್ತೇವೆ, ಅಂದರೆ ತಡ ಮಾಡುತ್ತೇವೆ. ಇಂಗ್ಲಿಷಿನವರು ಸಭೆಯನ್ನು ‘ಬ್ರಿಂಗ್ ಫಾರ್ವರ್ಡ್’ ಮಾಡಿದರೆ ಅದು ಮೊದಲೇ ನಡೆಯುತ್ತದೆ. ಪದಶಃ ಅನುವಾದಿಸಿದವನು ಸಭೆಗೆ ತಪ್ಪಿಸಿಕೊಳ್ಳುತ್ತಾನೆ.

7. ತಪ್ಪುಗಳು ಹೇಳುವ ಪಾಠ

ಕಲಿಯುವವರ ತಪ್ಪುಗಳು ಅಜ್ಞಾನದ ಗುರುತುಗಳು ಮಾತ್ರವಲ್ಲ, ಅವರ ಮನಸ್ಸಿನಲ್ಲಿರುವ ವ್ಯಾಕರಣದ ಕುರುಹುಗಳು. ಮೂರು ಉದಾಹರಣೆಗಳನ್ನು ನೋಡಬಹುದು.

ಭಾರತದ ಇಂಗ್ಲಿಷಿನಲ್ಲಿ ‘ಗೆಟ್ ಡೌನ್ ಫ್ರಮ್ ದ ಬಸ್’ ಎಂಬ ಪ್ರಯೋಗ ವ್ಯಾಪಕವಾಗಿದೆ. ಇಂಗ್ಲೆಂಡಿನವರು ‘ಗೆಟ್ ಆಫ್ ದ ಬಸ್’ ಎನ್ನುತ್ತಾರೆ. ಅಲ್ಲಿ ‘ಆಫ್’ ಎಂಬ ಒಂದೇ ಪೂರ್ವಸರ್ಗ ಬೇರ್ಪಡುವಿಕೆಯನ್ನು ಹೇಳಿ ನಾಮಪದವನ್ನೂ ಹಿಡಿಯುತ್ತದೆ. ನಮ್ಮ ಪ್ರಯೋಗವು ‘ಬಸ್ಸಿನಿಂದ ಇಳಿ’ ಎಂಬುದರ ನಿಷ್ಠಾವಂತ ಬಿಂಬ: ‘ಇಳಿ’ ಎಂಬುದಕ್ಕೆ ‘ಗೆಟ್ ಡೌನ್’, ‘ಇಂದ’ ಎಂಬುದಕ್ಕೆ ‘ಫ್ರಮ್’. ಇದನ್ನು ಕಟ್ಟಿದವನಿಗೆ ನಿಪಾತ–ಪೂರ್ವಸರ್ಗಗಳ ಜೋಡಣೆ ಚೆನ್ನಾಗಿ ಗೊತ್ತಿದೆ. ಗೊತ್ತಿಲ್ಲದ್ದು ರೂಢಿ ಮಾತ್ರ.

ಎರಡನೆಯದು ‘ಕೋಪ್ ಅಪ್ ವಿತ್’. ಇಂಗ್ಲಿಷಿನ ಪ್ರಮಾಣ ರೂಪ ‘ಕೋಪ್ ವಿತ್’. ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’ ಎಂಬ ಕುಟುಂಬದ ಬಲದಿಂದ ಇಲ್ಲದ ‘ಅಪ್’ ಇಲ್ಲಿಗೂ ನುಗ್ಗಿದೆ. ಪಟ್ಟಿಯನ್ನು ಬಾಯಿಪಾಠ ಮಾಡಿದವನು ಈ ತಪ್ಪು ಮಾಡಲಾರ. ನಿಯಮವನ್ನು ತಾನೇ ಊಹಿಸಿಕೊಂಡವನು ಮಾತ್ರ ಮಾಡಬಲ್ಲ.

ಮೂರನೆಯದು ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’. ಇಲ್ಲಿಯ ‘ಟು’ ಪೂರ್ವಸರ್ಗ. ಅದರ ಮುಂದೆ ನಾಮರೂಪವೇ ಬರಬೇಕು: ‘ಟು ಮೀಟಿಂಗ್ ಯು’. ಬರೆಯುವವರು ಅದನ್ನು ಕ್ರಿಯಾರೂಪದ ಮುಂದೆ ಬರುವ ‘ಟು’ ಎಂದು ತಿಳಿಯುತ್ತಾರೆ. ಕನ್ನಡದ ‘ಎದುರುನೋಡು’ ಕ್ರಿಯಾಪದವನ್ನು ನೆನಪಿಸಿದರೆ ಈ ತಪ್ಪು ತಾನೇ ಸರಿಹೋಗುತ್ತದೆ. ನಾವು ‘ಭೇಟಿಯಾಗಲು ಎದುರುನೋಡುತ್ತೇನೆ’ ಎನ್ನುವುದಿಲ್ಲ, ‘ಭೇಟಿಯನ್ನು ಎದುರುನೋಡುತ್ತೇನೆ’ ಎನ್ನುತ್ತೇವೆ.

8. ಸಮಾರೋಪ

ಈವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಇಂಗ್ಲಿಷ್ ವಾಕ್ಯದಲ್ಲಿ ನಿಪಾತವು ಕ್ರಿಯೆಯ ಕಡೆಗೂ ಪೂರ್ವಸರ್ಗವು ನಾಮಪದದ ಕಡೆಗೂ ಮುಖ ಮಾಡಿ ನಿಲ್ಲುತ್ತವೆ. ಅಕ್ಕಪಕ್ಕದಲ್ಲಿದ್ದರೂ ಅವುಗಳ ನಿಷ್ಠೆ ಬೇರೆ. ಕನ್ನಡದಲ್ಲಿ ಇದೇ ಹಂಚಿಕೆ ದಿಗ್ವಾಚಕ ಮತ್ತು ವಿಭಕ್ತಿ ಪ್ರತ್ಯಯಗಳ ನಡುವೆ ಇದ್ದು, ಚಲನೆಯ ವಾಕ್ಯಗಳಲ್ಲಿ ಕ್ರಮ ಮಾತ್ರ ತಿರುಗುಮುರುಗಾಗಿದೆ. ‘ಮರದ ಕೆಳಗೆ’ ಮತ್ತು ‘ಮರದಿಂದ ಕೆಳಗೆ’ ಎಂಬ ಎರಡು ಮಾತುಗಳ ಭೇದವನ್ನು ಬಲ್ಲವನು ‘ಅಂಡರ್ ದ ಟ್ರೀ’ ಮತ್ತು ‘ಡೌನ್ ಫ್ರಮ್ ದ ಟ್ರೀ’ ಎಂಬುದರ ಭೇದವನ್ನು ಆಗಲೇ ಬಲ್ಲವನಾಗಿರುತ್ತಾನೆ.

ಬೋಧನೆಯಲ್ಲಿ ಇದರ ಪರಿಣಾಮ ಸಣ್ಣದಲ್ಲ. ಪಟ್ಟಿಯಿಂದ ಆರಂಭಿಸುವ ಬದಲು ವಿದ್ಯಾರ್ಥಿಯ ಬಾಯಲ್ಲಿರುವ ಕನ್ನಡ ವಾಕ್ಯದಿಂದ ಆರಂಭಿಸಿ, ಕೊಂಡಿಗಳನ್ನು ಬಿಡಿಸಿ, ತಿರುಗಿಸಿ ಜೋಡಿಸಲು ಕಲಿಸಿದರೆ ದಿನಬಳಕೆಯ ಚಲನೆಯ ವಾಕ್ಯಗಳು ಬಾಯಿಪಾಠವಿಲ್ಲದೆ ಕೈವಶವಾಗುತ್ತವೆ. ಉಳಿದ ರೂಢಿಯ ಜೋಡಣೆಗಳಿಗೆ ಮಾತ್ರ ನಿಘಂಟಿನ ನೆರವು ಬೇಕಾದೀತು. ಇಂಗ್ಲಿಷ್–ಕನ್ನಡ ನಿಘಂಟುಗಳು ಅಂಥವುಗಳಿಗೆ ಅರ್ಥ ಕೊಡುವಾಗ ಕನ್ನಡದ ಕ್ರಿಯಾಪದವು ಬೇಡುವ ವಿಭಕ್ತಿಯನ್ನೂ ಜೊತೆಗೆ ತೋರಿಸಿದರೆ ಅನುವಾದಕರಿಗೂ ಉಪಕಾರವಾಗುತ್ತದೆ.

ಕನ್ನಡ ಅಧ್ಯಯನಕ್ಕೂ ಇದರಿಂದ ಲಾಭವಿದೆ. ‘ಒಳಗೆ’, ‘ಹೊರಗೆ’, ‘ಮೇಲೆ’, ‘ಕೆಳಗೆ’ಗಳನ್ನು ಅವ್ಯಯಗಳ ಸಾಲಿನಲ್ಲಿ ಹೆಸರಿಸಿ ಮುಂದೆ ಹೋಗುವ ನಮ್ಮ ಪಠ್ಯಗಳು, ಅವು ಯಾವ ವಿಭಕ್ತಿಯ ಜೊತೆ ಯಾವ ಕೆಲಸ ಮಾಡುತ್ತವೆ ಎಂಬುದನ್ನು ವಿವರಿಸುವ ಹೊಣೆಯನ್ನು ಇನ್ನೂ ಹೊರಬೇಕಾಗಿದೆ. ಪರಭಾಷೆಯ ಒಂದು ಸಣ್ಣ ತೊಡಕನ್ನು ಬಿಡಿಸಹೊರಟಾಗ ನಮ್ಮ ಭಾಷೆಯ ಒಂದು ಮೂಲೆಗೆ ಬೆಳಕು ಬೀಳುವುದಾದರೆ ತೌಲನಿಕ ವ್ಯಾಕರಣದ ಶ್ರಮ ಸಾರ್ಥಕವೆನ್ನಬಹುದು.